ಬಾಸಿಂಗದ ಗುಡ್ಡಪ್ಪನಿಗೆ ಅಕ್ಕಾರು ದಾರಿ ತೋರಿಸಿದ್ದು

ಹಾನಗಲ್ಲಿನಲ್ಲಿ ಫಕ್ಕೀರವ್ವ ಅಂತ ಒಬ್ಬ ಹೆಣ್ಣುಮಗಳು. ಅವಳಿಗೊಬ್ಬನೇ ಮಗ, ಗುಡ್ಡಪ್ಪ. ಫಕ್ಕೀರವ್ವ ಬಾಸಿಂಗ ಮಾಡೋದರಲ್ಲಿ ಎತ್ತಿದ ಕೈ. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ, ಬೆಂಡು ಕೊರೆದು, ಬಣ್ಣದ ಹಾಳೆ ಅಂಟಿಸಿ, ಮುತ್ತು ಪೋಣಿಸಿ, ಕನ್ನಡಿ ಚೂರು ಕೂರಿಸಿ ಮಾಡಿದಳು ಅಂದರೆ ನೋಡಿದವರಿಗೆ ಕಣ್ಣು ಕೀಳಲಾಗದು. ಗುಡ್ಡಪ್ಪ ಹೇಳಿದ ಮಾತು ಕೇಳೋದರಲ್ಲಿ ಎತ್ತಿದ ಕೈ. ಕಷ್ಟ ಇದ್ದದ್ದು ಅಲ್ಲೇ.

ಅವನು ಹೇಳಿದ್ದನ್ನ ಕೇಳುತ್ತಿದ್ದ. ಹೇಳಿದಷ್ಟೇ ಕೇಳುತ್ತಿದ್ದ. ಹೇಳಿದ ಹಾಗೇ ಕೇಳುತ್ತಿದ್ದ.

ಚಿಕ್ಕವನಿದ್ದಾಗ ಒಂದು ಸಲ ಸಂತೆಯಲ್ಲಿ ಫಕ್ಕೀರವ್ವ, "ನಾ ದಾರ ತರ್ತೀನಿ, ಈ ಬಾಳೆಹಣ್ಣಿನ ಗಾಡಿ ಮುಂದ ನಿಂತಿರು, ಎಲ್ಲೂ ಹೋಗಬ್ಯಾಡ" ಅಂದಿದ್ದಳು. ದಾರ ತಗೊಂಡು ಬಂದು ನೋಡಿದರೆ ಮಗನೂ ಇಲ್ಲ, ಗಾಡಿಯೂ ಇಲ್ಲ. ಗಾಡಿಯವನು ಸಂತೆ ಮುಗಿಸಿ ಗಾಡಿ ತಳ್ಳಿಕೊಂಡು ಊರ ಕಡೆ ಹೊರಟಿದ್ದ. ಗುಡ್ಡಪ್ಪ ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಹೊರಟಿದ್ದ. ಸಿಕ್ಕಿದ್ದು ಮೂರನೇ ಊರಿನಲ್ಲಿ.

"ಎಲ್ಲಿಗೆ ಹೋಗಿದ್ದ್ಯೋ?" ಅಂದರೆ, "ಎಲ್ಲೂ ಹೋಗಿಲ್ಲ ಬೇ, ಗಾಡಿ ಮುಂದs ಇದ್ದೆ" ಅಂದ.

ಇಂಥವನು ದೊಡ್ಡವನಾಗಿ ವ್ಯಾನು ಓಡಿಸೋದು ಕಲಿತ. ಕಲಿತದ್ದು ಅಪ್ಪನ ಹತ್ತಿರ. ಲೈಸನ್ಸಿನ ಸಾಹೇಬರು ಮುಂದೆ ಅಂದರೆ ಮುಂದೆ, ಹಿಂದೆ ಅಂದರೆ ಹಿಂದೆ, ನಿಲ್ಲಿಸು ಅಂದರೆ ಅಲ್ಲೇ ಠಕ್ಕನೆ. ಇಷ್ಟು ಶಿಸ್ತಿನ ಹುಡುಗನನ್ನ ನೋಡಿಲ್ಲ ಅಂತ ಸಾಹೇಬರು ಮೊದಲ ಸಲಕ್ಕೇ ಪಾಸು ಮಾಡಿದರು. ಗಾಡಿ ಓಡಿಸೋದು ಬಂತು. ಎಲ್ಲಿಗೆ ಓಡಿಸಬೇಕು ಅನ್ನೋದೊಂದು ಬರಲಿಲ್ಲ.

ಅಪ್ಪ ಇರುವ ತನಕ ಅದು ಗೊತ್ತಾಗಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದ, ಇವನು ಓಡಿಸುತ್ತಿದ್ದ. ಲಗ್ನದ ಮನೆಗಳಿಗೆ ಬಾಸಿಂಗ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತು. ಅಪ್ಪ ತೀರಿಕೊಂಡ. ಮರುವರ್ಷ ಲಗ್ನದ ಸರಾಯಿ, ಅಂದರೆ ಮದುವೆಗಳ ಕಾಲ, ಬಂತು. ಫಕ್ಕೀರವ್ವನಿಗೆ ಬೆಂಡು ಬಿಟ್ಟು ಏಳಲಿಕ್ಕೆ ಬಿಡುವಿಲ್ಲ, ಬಾಸಿಂಗ ಒಯ್ದು ಕೊಡಲಿಕ್ಕೆ ಬೇರೆ ಜನ ಇಲ್ಲ.

ಹುಬ್ಬಳ್ಳಿಯಲ್ಲಿದ್ದ ಅವಳ ತಮ್ಮ ನಿರ್ವಾಣೆಪ್ಪ ಒಂದು ಮೊಬೈಲ್ ತಂದುಕೊಟ್ಟ. "ಅಕ್ಕಾ, ಚಿಂತಿ ಬಿಡು. ಇದಕ್ಕ ಊರ ಹೆಸರು ಹೇಳಿದ್ರ ಸಾಕು. ಇದರಾಗ ಒಬ್ಬಾಕಿ ಹೆಣ್ಣುಮಗಳು ದಾರಿ ಹೇಳ್ಕೊಂತ ಹೋಗ್ತಾಳ. ಅಳಿಯಾ, ಆಕಿ ಹೇಳಿದಂಗ ಹೋಗು."

ಗುಡ್ಡಪ್ಪ ಊರ ಹೆಸರು ಹೇಳಿದ. ಒಳಗಿನಿಂದ ಮೆತ್ತಗಿನ ದನಿಯೊಂದು, "ಮುಂದೆ ಎಡಕ್ಕೆ ತಿರುಗಿ" ಅಂತು. ಗುಡ್ಡಪ್ಪ ಎದ್ದು ನಿಂತ. ಶಾಲೆಯಲ್ಲಿ ಕಲಿಸುತ್ತಿದ್ದ ಅಕ್ಕಾರ ದನಿ ಹೀಗೇ ಇತ್ತು. ಅವತ್ತಿನಿಂದ ಅದು ಅವನಿಗೆ ಅಕ್ಕಾರು. ಬಿಸಿಲಿಗೆ ಮೊಬೈಲ್ ಬಿಸಿಯಾದರೆ, "ಅಕ್ಕಾರಿಗೆ ಸೆಕಿ ಆಗ್ತೈತಿ" ಅಂತ ಒದ್ದೆ ಬಟ್ಟೆ ಸುತ್ತುತ್ತಿದ್ದ. ಊಟಕ್ಕೆ ಕೂತಾಗ "ನೀವೂ ಒಂಚೂರು ಸುಧಾರಿಸ್ಕೊಳ್ರಿ" ಅಂತ ನೆರಳಲ್ಲಿ ಮಲಗಿಸುತ್ತಿದ್ದ.

ಮೊದಲ ಲಗ್ನ ಬ್ಯಾಡಗಿ ಕಡೆಯ ಒಂದು ಹಳ್ಳಿಯಲ್ಲಿ. ಫಕ್ಕೀರವ್ವ ಬಾಸಿಂಗದ ಡಬ್ಬಿಯನ್ನ ಬಿಳಿ ಅರಿವೆಯಲ್ಲಿ ಕಟ್ಟಿ ಸೀಟಿನ ಮೇಲೆ ಇಟ್ಟಳು. "ಅಕ್ಕಾರು ಹೇಳಿದಂಗ ಹೋಗಪಾ" ಅಂದಳು. ಗುಡ್ಡಪ್ಪ ಹೋದ.

ಅಕ್ಕಾರು, "ನೇರವಾಗಿ ಮುಂದುವರಿಯಿರಿ" ಅಂದರು. ಗುಡ್ಡಪ್ಪ ನೇರ ಮುಂದುವರಿದ. ಸ್ವಲ್ಪ ದೂರ ರಸ್ತೆಯೂ ನೇರ ಹೋಯಿತು. ಆಮೇಲೆ ರಸ್ತೆ ಬಲಕ್ಕೆ ಬಾಗಿತು. ಗುಡ್ಡಪ್ಪ ಬಾಗಲಿಲ್ಲ. ಮುಂದೆ ಒಬ್ಬ ರೈತ ಮೆಣಸಿನಕಾಯಿ ಒಣಹಾಕಿದ್ದ, ಕಣ್ಣು ಹಾಯುವಷ್ಟು ದೂರ ಕೆಂಪು ಚಾಪೆ ಹಾಸಿದ ಹಾಗೆ. ವ್ಯಾನು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬಂತು.

ರೈತ ಓಡಿಬಂದ. "ಕಣ್ಣು ಕಾಣಂಗಿಲ್ಲೇನೋ ತಮ್ಮಾ?"

"ಕಾಣ್ತಾವ್ರಿ. ಅಕ್ಕಾರು ನೇರ ಅಂದಾರ" ಅಂದ ಗುಡ್ಡಪ್ಪ, ಸೀನುತ್ತ.

ಬಾಸಿಂಗ ಹೊತ್ತಿಗೆ ಸರಿಯಾಗಿ ಮುಟ್ಟಿತು. ಅದರ ಜೊತೆಗೆ ಮೆಣಸಿನಕಾಯಿ ಘಾಟೂ ಮುಟ್ಟಿತು. ಬಾಸಿಂಗ ಕಟ್ಟಿದ ಗಳಿಗೆಯಿಂದ ಮದುಮಗ ಸೀನಿದ, ಮದುಮಗಳು ಸೀನಿದಳು, ಮಂತ್ರ ಹೇಳುವ ಅಯ್ಯನೋರು ಅರ್ಧಕ್ಕೆ ನಿಲ್ಲಿಸಿ ಸೀನಿದರು. ಅಂತರಪಟದ ಈಚೆ ಅವಳು ಸೀನಿದರೆ ಆಚೆ ಅವನು ಸೀನುತ್ತಿದ್ದ. ಮುಖ ನೋಡುವ ಮೊದಲೇ ಇಬ್ಬರಿಗೂ ನಗು ಬಂದುಬಿಟ್ಟಿತು. ಹಿರಿಯರಿಗೆ ಬರಲಿಲ್ಲ.

ಫಕ್ಕೀರವ್ವನಿಗೆ ಸುದ್ದಿ ಬಂತು. ಹಣೆ ಹಣೆ ಬಡಕೊಂಡಳು. "ಆಕಿ ನೇರ ಅಂದ್ರ ಹೊಲದಾಗ ಹೋಗೂದೇನೋ? ಕಣ್ಣು ಬಿಟ್ಟು ರಸ್ತಾ ನೋಡಬೇಕು. ರಸ್ತಾ ಹೆಂಗ ಹೊಕ್ಕೈತಿ ಹಂಗ ಹೋಗಬೇಕು. ಏನರೆ ಆಗಲಿ, ರಸ್ತಾ ಬಿಟ್ಟು ಕೆಳಗ ಇಳೀಬಾರದು. ತಿಳೀತೇನು?"

"ತಿಳೀತು ಬೇ. ಇಳಿಯೂದಿಲ್ಲ."

ಎರಡನೇ ಲಗ್ನಕ್ಕೆ ಹೊರಟಾಗ ಇನ್ನೊಂದು ಮಾತನ್ನೂ ಸೇರಿಸಿದಳು. "ಬಾಸಿಂಗ ಸಿಕ್ಕವರ ಕೈಯಾಗ ಕೊಡಬ್ಯಾಡ. ಆ ಮನ್ಯಾಗ ಎಲ್ಲಾರಕಿಂತ ಹಿರೇ ಮುತ್ತೈದಿ ಯಾರು ಕೇಳಿ, ಅವರ ಉಡ್ಯಾಗ ಹಾಕು. ನಿಮ್ಮಪ್ಪ ಹಂಗs ಮಾಡತಿದ್ದ."

ಅವತ್ತು ಗುಡ್ಡಪ್ಪ ರಸ್ತೆ ಬಾಗಿದಲ್ಲಿ ಬಾಗಿದ, ಏರಿದಲ್ಲಿ ಏರಿದ, ಚೆಂದಾಗಿ ಊರು ಮುಟ್ಟಿದ. "ನೀವು ತಲುಪಬೇಕಾದ ಸ್ಥಳ ಬಲಗಡೆ ಇದೆ" ಅಂದರು ಅಕ್ಕಾರು. ಬಲಗಡೆ ಲಗ್ನದ ಹಂದರ ಕಾಣುತ್ತಿತ್ತು, ರಸ್ತೆಯಿಂದ ಕೂಗಳತೆಯಲ್ಲಿ. ನಡುವೆ ಒಂದು ಕಾಲುದಾರಿ. ಗುಡ್ಡಪ್ಪ ರಸ್ತೆಯ ಮೇಲೆ ವ್ಯಾನು ನಿಲ್ಲಿಸಿ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ಹಂದರದಿಂದ ಒಬ್ಬ ಬಂದ. "ಬಾಸಿಂಗ ತಂದೀಯೇನು? ಬಾ ಒಳಗ."

"ಬರೂದಿಲ್ರಿ. ಅವ್ವ ರಸ್ತಾ ಬಿಟ್ಟು ಇಳೀಬ್ಯಾಡ ಅಂದಾಳ."

"ಹಂಗಾದ್ರ ಇಲ್ಲೇ ಕೊಡು."

"ನಿಮಗ ಕೊಡೂದಿಲ್ರಿ. ಹಿರೇ ಮುತ್ತೈದಿಗೆ ಕೊಡು ಅಂದಾಳ."

ಆ ಮನೆಯ ಹಿರೇ ಮುತ್ತೈದೆ ಅಂದರೆ ಮದುಮಗಳ ಮುತ್ತಜ್ಜಿ. ಮುದುಕಿಗೆ ಕಾಲಿನ ಶಕ್ತಿ ಹೋಗಿ ಬಹಳ ಕಾಲ ಆಗಿತ್ತು, ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಬೈದರು, ಬೇಡಿಕೊಂಡರು, ಡಬ್ಬಿ ಕಸಿಯಲಿಕ್ಕೂ ನೋಡಿದರು. ಗುಡ್ಡಪ್ಪ ಡಬ್ಬಿಯನ್ನ ಎದೆಗೆ ಅವಚಿ ಕೂತ. ಮುಹೂರ್ತ ಹತ್ತಿರ ಬಂತು. ಕೊನೆಗೆ ಮುದುಕಿಯನ್ನ ಮಂಚದ ಸಮೇತ ನಾಲ್ಕು ಮಂದಿ ಹೊತ್ತು ತಂದರು. ಮಂಚ ರಸ್ತೆ ನಡುವೆ ಇಳಿಸಿದರು. ಆ ಕಡೆ ಒಂದು ಬಸ್ಸು ನಿಂತಿತು, ಈ ಕಡೆ ಒಂದು ಬಸ್ಸು ನಿಂತಿತು. ಗುಡ್ಡಪ್ಪ ಮುದುಕಿಯ ಉಡಿಯಲ್ಲಿ ಬಾಸಿಂಗ ಹಾಕಿ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಮುದುಕಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ರಸ್ತಾಕ್ಕ ಡಾಂಬರು ಯಾವಾಗ ಹಾಕಿದ್ರು?" ಅಂತ ಕೇಳಿದಳು. ಬಸ್ಸಿನ ಮಂದಿಯನ್ನ ನೀವು ಯಾವ ಊರವರು, ನಿಮಗೆಷ್ಟು ಮಕ್ಕಳು ಅಂತ ವಿಚಾರಿಸಲಿಕ್ಕೆ ಶುರು ಮಾಡಿದಳು. ಒಳಗೆ ಒಯ್ಯೋಣ ಅಂದರೆ, "ತಡೀರೋ, ಇನ್ನೊಂದು ಬಸ್ಸು ಬರಲಿ" ಅಂದಳಂತೆ.

ಮುದುಕಿ ಒಬ್ಬಳನ್ನ ಬಿಟ್ಟು ಮನೆಯವರೆಲ್ಲರಿಗೂ ಸಿಟ್ಟು. ಫಕ್ಕೀರವ್ವನಿಗೆ ಸುದ್ದಿ ಬಂತು. "ಅಯ್ಯ ನನ್ನ ಮಗನ, ನಾ ಹೇಳಿದ್ದೇನು, ನೀ ಮಾಡಿದ್ದೇನು" ಅಂದಳು.

"ನೀ ಹೇಳಿದ್ದs ಮಾಡೀನಲ್ಲ ಬೇ."

ಅದೂ ನಿಜವೇ. ಏನು ಹೇಳಿದರೆ ಇವನು ಸರಿಯಾಗಿ ಹೋಗಿ ಬಂದಾನು ಅಂತ ಯೋಚಿಸಿದಳು. ಬೆಂಡು ಕೊರೆಯುತ್ತ ಯೋಚಿಸಿದಳು, ಮುತ್ತು ಪೋಣಿಸುತ್ತ ಯೋಚಿಸಿದಳು. ಮೊಬೈಲಿಗೆ ದಾರಿ ಗೊತ್ತು, ಬುದ್ಧಿ ಇಲ್ಲ. ಮಂದಿಗೆ ಬುದ್ಧಿ ಇರುತ್ತದೆ ಅಂತ ಅವಳಿಗೆ ಹೊಳೆಯಿತು.

"ನೋಡು ಗುಡ್ಡಪ್ಪಾ, ದಾರ್ಯಾಗ ಮಂದೀನ ಕೇಳಬೇಕು. ದಾರಿ ಬಲ್ಲವರು ಸಿಕ್ಕರ ಗಾಡ್ಯಾಗ ಕುಂದರಿಸ್ಕೊ. ಅವರು ಎತ್ತಾಗ ಅಂತಾರ ಅತ್ತಾಗ ಹೋಗು."

ಮೂರನೇ ಲಗ್ನಕ್ಕೆ ಗುಡ್ಡಪ್ಪ ಬೆಳಕು ಹರಿಯುವಾಗಲೇ ಹೊರಟ. ಊರ ಹೊರಗೆ ಒಬ್ಬ ಮುದುಕ ಜೋಳದ ಚೀಲ ಇಟ್ಟುಕೊಂಡು ನಿಂತಿದ್ದ.

"ಅಜ್ಜಾರ, ದಾರಿ ಬಲ್ಲಿರೇನು?"

"ಬಲ್ಲೆನಪಾ. ಈ ಕಡೆ ಹುಟ್ಟಿ ಈ ಕಡೆ ಬೆಳದಾಂವ."

"ಹಂಗಾದ್ರ ಹತ್ರಿ."

ಯಾವ ದಾರಿ ಅಂತ ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಮುದುಕ ಗಿರಣಿಗೆ ದಾರಿ ಹೇಳಿದ, ಚೀಲ ಇಳಿಸಿದ, ಹರಸಿ ಹೋದ. ಗಿರಣಿ ಮುಂದೆ ಒಬ್ಬ ಬಾಣಂತಿ, ಕೂಸು ಎತ್ತಿಕೊಂಡು ಅವಳ ತಾಯಿ. ಅವರಿಗೂ ದಾರಿ ಗೊತ್ತಿತ್ತು, ದವಾಖಾನೆಯ ದಾರಿ. ದವಾಖಾನೆ ಮುಂದೆ ಕೈಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬ. ಅವನಿಗೆ ಅವನ ಮನೆಯ ದಾರಿ ಗೊತ್ತಿತ್ತು. "ಯು-ಟರ್ನ್ ತೆಗೆದುಕೊಳ್ಳಿ" ಅಂತ ಅಕ್ಕಾರು ಹೇಳುತ್ತಲೇ ಇದ್ದರು. "ಇವರು ಬಲ್ಲವರು ಅದಾರ್ರಿ ಅಕ್ಕಾರ, ನೀವು ಸುಮ್ಮನಿರ್ರಿ" ಅಂತ ಗುಡ್ಡಪ್ಪ ವಿನಯದಿಂದ ಹೇಳುತ್ತಲೇ ಇದ್ದ.

ಲಗ್ನದ ಮನೆ ಮುಟ್ಟಿದಾಗ ಉಂಡ ಎಲೆ ಎತ್ತುತ್ತಿದ್ದರು. ಮುಹೂರ್ತಕ್ಕೆ ಬಾಸಿಂಗ ಬರದೆ, ಮದುಮಕ್ಕಳ ಹಣೆಗೆ ಮಲ್ಲಿಗೆ ದಂಡೆ ಸುತ್ತಿ ಅಕ್ಷತೆ ಹಾಕಿದ್ದರು. ಮದುಮಗಳ ಅಪ್ಪ ಬೈಯಲಿಲ್ಲ. ಡಬ್ಬಿಯನ್ನ ಬಿಚ್ಚಿಯೂ ನೋಡದೆ ಗುಡ್ಡಪ್ಪನ ಕೈಗೆ ವಾಪಸು ಕೊಟ್ಟ. "ನಿಮ್ಮವ್ವಗ ಹೇಳು, ನಮ್ಮ ಮನ್ಯಾಗ ಆಕಿ ಬಾಸಿಂಗ ಇಲ್ಲದ ಆಗಿದ್ದು ಇದೊಂದs ಲಗ್ನ."

ಈ ಸಲ ಫಕ್ಕೀರವ್ವ ಹಣೆ ಬಡಕೊಳ್ಳಲಿಲ್ಲ. ಡಬ್ಬಿ ಬಿಚ್ಚಿ ಬಾಸಿಂಗವನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕಟ್ಟದೆ ವಾಪಸು ಬಂದ ಬಾಸಿಂಗವನ್ನ ಅವಳು ಯಾವತ್ತೂ ನೋಡಿರಲಿಲ್ಲ.

ಗುಡ್ಡಪ್ಪ ಹೊಸ್ತಿಲ ಹತ್ತಿರ ನಿಂತಿದ್ದ. "ನಾ ತಪ್ಪು ಮಾಡಿದ್ನೇನ್ ಬೇ?" ಅಂದ. "ಎಲ್ಲಾರೂ ಅವರವರ ಜಾಗಾ ಮುಟ್ಟಿದ್ರು. ಆ ಕೂಸು ದಾರಿ ತುಂಬ ಅಳಲೇ ಇಲ್ಲ."

ಇವನನ್ನ ಬೈಯುವುದು ಹೇಗೆ ಅಂತ ಅವತ್ತು ಅವಳಿಗೆ ತಿಳಿಯಲಿಲ್ಲ.

ಸುದ್ದಿ ಹುಬ್ಬಳ್ಳಿಗೂ ಮುಟ್ಟಿತು. ನಿರ್ವಾಣೆಪ್ಪ ಫೋನು ಹಚ್ಚಿದ. "ಅಕ್ಕಾ, ಸಾಕು. ವ್ಯಾನ್ ಮಾರಿಬಿಡು. ಬಾಸಿಂಗ ಬೇಕಾದವರು ಬಂದು ಒಯ್ಯಲಿ. ಗುಡ್ಡಪ್ಪನ್ನ ನಮ್ಮ ಮಠಕ್ಕ ಬಿಡು. ನೀರು ಸೇದ್ತಾನ, ಕಸಾ ಹೊಡೀತಾನ, ಎರಡು ಹೊತ್ತು ಉಣ್ತಾನ. ನೀ ಹೋದ ಮ್ಯಾಲೆ ಅವಗ ಯಾರದಾರ, ಹೇಳು."

ಆ ಕೊನೆಯ ಮಾತು ಅವಳನ್ನ ಹಿಡಿದು ನಿಲ್ಲಿಸಿತು. ಅದನ್ನೇ ಅವಳೂ ಒಳಗೊಳಗೆ ಕೇಳಿಕೊಳ್ಳುತ್ತಿದ್ದಳು. "ಈ ಸರಾಯಿ ಮುಗೀಲಿ" ಅಂದಳು. "ಇನ್ನೊಂದು ಲಗ್ನ ಐತಿ. ಅದು ಮುಗೀಲಿ, ಹೇಳ್ತೀನಿ."

ಆ ಕೊನೆಯ ಲಗ್ನ ಶಿರಸಿ ದಾರಿಯ ಒಂದು ಹಳ್ಳಿಯಲ್ಲಿ. ಫಕ್ಕೀರವ್ವ ಹಗಲೂ ರಾತ್ರಿ ಕೂತು ಬಾಸಿಂಗ ಮುಗಿಸಿದಳು. ಬೆಳಗ್ಗೆ ಸೀರೆ ಉಟ್ಟು ತಾನೇ ಬಂದು ವ್ಯಾನಿನಲ್ಲಿ, ಗಂಡ ಕೂಡುತ್ತಿದ್ದ ಜಾಗದಲ್ಲಿ ಕೂತಳು.

"ಇವತ್ತು ಅಕ್ಕಾರ ಮಾತೂ ಬ್ಯಾಡ, ಮಂದಿ ಮಾತೂ ಬ್ಯಾಡ. ನನ್ನ ಮಾತು ಅಷ್ಟs ಕೇಳು. ನಾ ಎಡಕ್ಕ ಅಂದ್ರ ಎಡಕ್ಕ, ಬಲಕ್ಕ ಅಂದ್ರ ಬಲಕ್ಕ. ನಾ ಏನೂ ಅನ್ನಲಿಲ್ಲಂದ್ರ ಸುಮ್ಮನ ಹೋಗ್ಕೊಂತ ಇರು."

ಗುಡ್ಡಪ್ಪನ ಮುಖ ಅರಳಿತು. "ಹಿಂಗ ಹೇಳಿದ್ರ ನನಗ ಎಷ್ಟು ಹಗೂರ ಬೇ" ಅಂದ.

ಹೋಗುವಾಗ ಒಂದು ತಪ್ಪೂ ಆಗಲಿಲ್ಲ. ಅಕ್ಕಾರು ಹೇಳಿದ್ದನ್ನ ಅವಳು ಕೇಳಿಸಿಕೊಂಡು, ರಸ್ತೆ ನೋಡಿ, ಮಗನಿಗೆ ಹೇಳುತ್ತಿದ್ದಳು. ಅವಳು ಹೇಳಿದ ಹಾಗೆ ಅವನು ತಿರುಗುತ್ತಿದ್ದ. ಗಂಡ ಇಷ್ಟು ವರ್ಷ ಮಾಡಿದ ಕೆಲಸ ಇದೇ ಅಲ್ಲವೇ ಅಂತ ಅವಳಿಗೆ ಅನಿಸಿತು. ಮುಹೂರ್ತಕ್ಕೆ ಮೊದಲೇ ಮುಟ್ಟಿದರು. ತಾನು ಮಾಡಿದ ಬಾಸಿಂಗ ಮದುಮಗಳ ಹಣೆಯ ಮೇಲೆ ಮಿನುಗುವುದನ್ನ ಫಕ್ಕೀರವ್ವ ಎದುರಿಗೇ ನಿಂತು ನೋಡಿದಳು. ಇಷ್ಟು ವರ್ಷ ಮಾಡಿ ಮಾಡಿ ಕಳಿಸಿದ್ದಳೇ ಹೊರತು ಕಟ್ಟಿದ್ದನ್ನ ನೋಡಲಿಕ್ಕೆ ಬಿಡುವು ಎಲ್ಲಿತ್ತು?

ಹೋಳಿಗೆ ತುಪ್ಪ ಉಂಡು ತಾಯಿ ಮಗ ತಿರುಗಿ ಹೊರಟರು. "ಹಾನಗಲ್ಲು" ಅಂತ ಅಕ್ಕಾರಿಗೆ ಹೇಳಿದ್ದಾಯಿತು. ಹೊಟ್ಟೆ ತುಂಬಿತ್ತು, ಗಾಳಿ ತಣ್ಣಗಿತ್ತು, ಎಷ್ಟೋ ದಿನದ ನಿದ್ದೆ ಕಣ್ಣಿನಲ್ಲಿತ್ತು. ಊರು ದಾಟುವ ಮೊದಲೇ ಫಕ್ಕೀರವ್ವ ಸೀಟಿಗೆ ತಲೆ ಆನಿಸಿ ನಿದ್ದೆ ಹೋದಳು.

ನಿದ್ದೆಯಲ್ಲೂ ಅವಳ ಕೈ ಬಾಸಿಂಗವನ್ನೇ ಮಾಡುತ್ತಿತ್ತು. ಬಾಯಿಯೂ ಅದನ್ನೇ ಮಾಡುತ್ತಿತ್ತು.

ಕೂಡುರಸ್ತೆ ಬಂತು. "ಬಲಕ್ಕೆ ತಿರುಗಿ" ಅಂದರು ಅಕ್ಕಾರು. ಗುಡ್ಡಪ್ಪ ಅವ್ವನ ಕಡೆ ನೋಡಿದ.

"ಎಡಕ್ಕ..." ಅಂದಳು ಫಕ್ಕೀರವ್ವ. "ಎಡಕ್ಕ ಎರಡು ಮುತ್ತು ಇಡು..."

ಗುಡ್ಡಪ್ಪ ಎಡಕ್ಕೆ ತಿರುಗಿದ. ಎರಡು ಮುತ್ತು ಎಲ್ಲಿಡಬೇಕು ಅಂತ ತಿಳಿಯಲಿಲ್ಲ, ಆಮೇಲೆ ಕೇಳಿದರಾಯಿತು ಅಂದುಕೊಂಡ.

"ಯು-ಟರ್ನ್ ತೆಗೆದುಕೊಳ್ಳಿ."

"ಅವ್ವ ಅಂದ್ರ ತಗೊಂತೀನ್ರಿ ಅಕ್ಕಾರ. ಇವತ್ತು ಆಕಿ ಮಾತು."

ಶಿರಸಿ ಬಂತು. "ಬಲಕ್ಕ ಕನ್ನಡಿ..." ಅಂದಳು. ಬಲಕ್ಕೆ ತಿರುಗಿದ. ಶಿರಸಿ ಹಿಂದೆ ಬಿತ್ತು. ಬಹಳ ಹೊತ್ತು ಅವಳು ಏನೂ ಅನ್ನಲಿಲ್ಲ, ಇವನು ಸುಮ್ಮನೆ ಹೋಗುತ್ತ ಇದ್ದ. ಕಾಡು ಬಂತು, ಘಟ್ಟ ಬಂತು. ಘಟ್ಟದ ನೆತ್ತಿಯ ಮೇಲೆ ಗಾಡಿ ನಿಧಾನ ಮಾಡಿ ಅವ್ವನ ಮುಖ ನೋಡಿದ.

"ಕೆಳಗ ಬಿಡು..." ಅಂದಳು ಅವಳು. ಬಾಸಿಂಗದ ಗೊಂಡೆ ಇಳಿಬಿಡುವ ಹೊತ್ತು ಅದು. "ಇನ್ನೂ ಕೆಳಗ... ಇನ್ನೂ..."

ಗುಡ್ಡಪ್ಪ ಕೆಳಗೆ ಬಿಟ್ಟ. ಅವ್ವನ ತಲೆ ಕಿಟಕಿಗೆ ಬಡಿಯದ ಹಾಗೆ, ತಿರುವು ತಿರುವಿಗೂ ಮೆಲ್ಲಗೆ, ಒಂದು ಕೈಯಲ್ಲಿ ಅವಳ ಭುಜ ಹಿಡಿದು, ಇನ್ನೂ ಕೆಳಗೆ, ಇನ್ನೂ ಕೆಳಗೆ ಬಿಟ್ಟ. ಅಕ್ಕಾರು ಹೇಳಿ ಹೇಳಿ ಸಾಕಾಗಿ, ಕಾಡಿನಲ್ಲಿ ಒಂದಷ್ಟು ಹೊತ್ತು ಸುಮ್ಮನಾದರು.

ಬಿಸಿಲು ಇಳಿಯುವ ಹೊತ್ತಿಗೆ ರಸ್ತೆ ಮುಗಿಯಿತು. ಮುಂದೆ ಮರಳು. ಗುಡ್ಡಪ್ಪ ಗಾಡಿ ನಿಲ್ಲಿಸಿದ.

ಗಾಡಿ ನಿಂತದ್ದಕ್ಕೆ ಫಕ್ಕೀರವ್ವನಿಗೆ ಎಚ್ಚರವಾಯಿತು. ಮನೆ ಬಂತು ಅಂತ ಕಣ್ಣು ತೆರೆದಳು. ಎದುರಿಗೆ ನೀರು. ಕಣ್ಣು ಉಜ್ಜಿಕೊಂಡಳು. ಮತ್ತೂ ನೀರೇ.

"ಯಾವ ಕೆರಿಯೋ ಇದು?"

"ಗೊತ್ತಿಲ್ಲ ಬೇ. ಆಚಿ ದಂಡಿ ಕಾಣವಲ್ದು" ಅಂದ ಗುಡ್ಡಪ್ಪ. "ಇನ್ನ ಎತ್ತಾಗ, ಹೇಳು."

ಅಷ್ಟರಲ್ಲಿ ಒಂದು ತೆರೆ ಎದ್ದು ಬಂದು ಮರಳಿನ ಮೇಲೆ ಒಡೆಯಿತು. ಆಗ ಅವಳಿಗೆ ತಿಳಿಯಿತು. ಸಮುದ್ರ ಅಂತ ಒಂದು ಇದೆ ಅಂತ ಕೇಳಿದ್ದಳು. ತನಗೂ ಅದಕ್ಕೂ ಏನು ಸಂಬಂಧ ಅಂತ ಇದ್ದುಬಿಟ್ಟಿದ್ದಳು.

"ನಾ ಎಲ್ಲಿ ಹೇಳಿದ್ನೋ ಇಲ್ಲಿಗೆ ಬಾ ಅಂತ?" ಅವಳಿಗೆ ಸಿಟ್ಟು ನೆತ್ತಿಗೇರಿತ್ತು.

"ಎಡಕ್ಕ ಎರಡು ಮುತ್ತು ಅಂದಿ. ಬಲಕ್ಕ ಕನ್ನಡಿ ಅಂದಿ. ಕೆಳಗ ಬಿಡು, ಇನ್ನೂ ಕೆಳಗ ಅಂದಿ." ಗುಡ್ಡಪ್ಪ ಒಂದೊಂದನ್ನೂ ಒಪ್ಪಿಸಿದ. "ಮುತ್ತು ಇಡೂದೊಂದು ಉಳದೈತಿ ಬೇ. ಎಲ್ಲಿ ಇಡಬೇಕು ತಿಳೀಲಿಲ್ಲ."

ಫಕ್ಕೀರವ್ವ ಬೈಯಲಿಕ್ಕೆ ಬಾಯಿ ತೆರೆದಳು. ನಿದ್ದೆಯಲ್ಲಿ ಕನವರಿಸಿದ್ದನ್ನೂ ಒಂದೂ ಬಿಡದ ಹಾಗೆ ಕೇಳಿಸಿಕೊಳ್ಳುವ ಜೀವ ಈ ಲೋಕದಲ್ಲಿ ತನಗೆ ಮತ್ತೊಂದು ಎಲ್ಲಿದೆ? ಎಚ್ಚರ ಇದ್ದಾಗ ಹೇಳಿದ್ದನ್ನೇ ಯಾರೂ ಕೇಳುವುದಿಲ್ಲ. ಅವಳ ಹೊಟ್ಟೆಯಿಂದ ನಗು ಎದ್ದಿತು, ನಗುವಿನ ಬೆನ್ನಿಗೆ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು.

"ಇಳಿ" ಅಂದಳು. "ಬಂದದ್ದು ಬಂದೀವಿ. ಕಾಲು ತೊಳ್ಕೊಳ್ಳೋಣು."

ಇಬ್ಬರೂ ನೀರಿಗೆ ಇಳಿದರು. ಮೊಣಕಾಲಿಗೆ ನೀರು ಬಂದಾಗ ಫಕ್ಕೀರವ್ವ ಮಗನ ಕೈ ಗಟ್ಟಿ ಹಿಡಿದಳು. ತೆರೆ ಹೋಗುವಾಗ ಕಾಲ ಕೆಳಗಿನ ಮರಳು ಜಾರಿತು, ಕಚಗುಳಿ ಇಟ್ಟ ಹಾಗಾಯಿತು. ಹುಡುಗಿಯ ಹಾಗೆ ಕುಲುಕುಲು ನಕ್ಕಳು. ಗುಡ್ಡಪ್ಪ ಅವ್ವ ಹಾಗೆ ನಕ್ಕಿದ್ದನ್ನ ನೋಡಿರಲಿಲ್ಲ. ಸಮುದ್ರ ಬಿಟ್ಟು ಅವಳನ್ನೇ ನೋಡುತ್ತ ನಿಂತ.

ಅವನ ಅಂಗಿಯ ಜೇಬಿನಲ್ಲಿ ಮೊಬೈಲ್ ಸದ್ದು ಮಾಡಿತು. ನಿರ್ವಾಣೆಪ್ಪ. ಅವ್ವ ಮೊಬೈಲ್ ಇಸಕೊಂಡಳು.

"ಅಕ್ಕಾ, ಮನಿ ಮುಟ್ಟಿದ್ರೇನು? ಬಾಸಿಂಗ ಹೊತ್ತಿಗೆ ಮುಟ್ತೇನು?"

"ಮುಟ್ತು. ಚೆಂದ ಆತು ಲಗ್ನ."

"ಹಂಗಾದ್ರ ನಾಳೆ ಮಠದ ಅಜ್ಜಾರ ಕೂಡ ಮಾತಾಡ್ಲೇನು?"

ಫಕ್ಕೀರವ್ವ ಪಕ್ಕದಲ್ಲಿ ಪ್ಯಾಂಟು ಮಡಚಿ ನಿಂತ ಮಗನ ಕಡೆ ನೋಡಿದಳು. "ಬ್ಯಾಡ" ಅಂದಳು. "ವ್ಯಾನ್ ಇರಲಿ. ಅವನೂ ಇರಲಿ. ಇನ್ನ ಮ್ಯಾಲೆ ನಾನs ಬಾಜೂಕ ಕುಂದ್ರತೀನಿ. ಎರಡು ಬಾಸಿಂಗ ಕಡಿಮಿ ಮಾಡಿದ್ರಾತು."

"ನೀ ಹೋದ ಮ್ಯಾಲೆ ಅಕ್ಕಾ?"

"ಅಲ್ಲೀತನ ಮಂದಿಗೆ ಇವನ ಕೂಡ ಹೆಂಗ ಮಾತಾಡಬೇಕು ಅಂತ ಕಲಸ್ತೀನಿ. ನನಗs ಇಷ್ಟು ವರ್ಷ ಬರತಿದ್ದಿಲ್ಲ."

ತಮ್ಮ ಏನೋ ಹೇಳಲಿಕ್ಕೆ ಹೋದ. ತೆರೆಯ ಸದ್ದಿಗೆ ಕೇಳಿಸಲಿಲ್ಲ. "ಏನಕ್ಕಾ ಅದು ಸಪ್ಪಳ? ಎಲ್ಲಿದ್ದೀರಿ ನೀವು?"

"ಸಮುದ್ರದಾಗ ನಿಂತೀವಿ."

"ಸಮುದ್ರದಾಗ? ಚ್ಯಾಷ್ಟಿ ಮಾಡಬ್ಯಾಡ."

"ಸುಳ್ಳು ಅಂತೀಯೇನು? ತಡಿ, ನೀನs ಕೇಳು." ಮೊಬೈಲನ್ನ ಮಗನ ಕೈಗಿಟ್ಟಳು. "ಗುಡ್ಡಪ್ಪಾ, ಫೋನು ಸಮುದ್ರಕ್ಕ ಕೊಡು. ನಿಮ್ಮ ಮಾವ ಮಾತು ಕೇಳಲಿ."

ಗುಡ್ಡಪ್ಪ ಎರಡು ಹೆಜ್ಜೆ ಮುಂದೆ ಹೋದ. ದೊಡ್ಡ ತೆರೆ ಬರುವ ತನಕ ಕಾದ. ಬಂದ ಮೇಲೆ, ಹಿರಿಯರಿಗೆ ಏನಾದರೂ ಕೊಡುವ ಹಾಗೆ ಎರಡೂ ಕೈಯಿಂದ, ಬಾಗಿ ಕೊಟ್ಟ. ತೆರೆ ತಗೊಂಡು ಹೋಯಿತು.

"ಕೊಟ್ಟೆ ಬೇ" ಅಂದ.

ಫಕ್ಕೀರವ್ವ ಅವನ ಬರಿಗೈ ನೋಡಿದಳು. ನೀರು ನೋಡಿದಳು. ನೀರಿನ ಮೇಲೆ ಏನೂ ಇರಲಿಲ್ಲ. ಘಟ್ಟ ಹತ್ತಿ, ಶಿರಸಿ ದಾಟಿ, ಹಾನಗಲ್ಲಿಗೆ ದಾರಿ ಹೇಳುವವರು ಈಗ ಯಾರೂ ಇರಲಿಲ್ಲ.

ಗುಡ್ಡಪ್ಪನೂ ನೀರನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಸಣ್ಣದಾಯಿತು.

"ಯವ್ವಾ, ಅಕ್ಕಾರಿಗೆ ಈಸು ಬರ್ತದೇನು?"

"ಬರ್ತದ" ಅಂದಳು ಫಕ್ಕೀರವ್ವ. ಏನಾದರೂ ಅನ್ನಬೇಕಲ್ಲ. "ಅಕ್ಕಾರಿಗೆ ಎಲ್ಲಾ ದಾರಿ ಗೊತ್ತು ಮಗಾ. ಬರ್ತಾರ."

"ಹಂಗಾದ್ರ ಕಾಯೋಣು" ಅಂತ ಗುಡ್ಡಪ್ಪ ದಂಡೆಗೆ ಬಂದು, ನೀರಿಗೆ ಮುಖ ಮಾಡಿ, ಒದ್ದೆ ಮರಳಿನ ಮೇಲೆ ಗಟ್ಟಿಯಾಗಿ ಕೂತುಬಿಟ್ಟ. ಫಕ್ಕೀರವ್ವ ಏಳು ಅನ್ನಲಿಲ್ಲ. ಸೀರೆ ನೆರಿಗೆ ಸರಿಮಾಡಿಕೊಂಡು ಅವನ ಪಕ್ಕದಲ್ಲಿ ತಾನೂ ಕೂತಳು.